ಕುಡಿ ಚಿವುಟುವ ಧೈರ್ಯ

ನಾನು ಎರಡನೇ ವರ್ಷದ ಬಿಇಗೆ ಕಾಲಿಟ್ಟ ವಾರವೇ ನನ್ನ ರೂಮ್‌ಮೇಟ್ ಹಾಸ್ಟೆಲ್ ಖಾಲಿ ಮಾಡಿದಳು. ಅವಳಿಗೆ ಇಯರ್ ಬ್ಯಾಕ್ ಆಗಿತ್ತು. ಬಾಕಿ ಉಳಿದ ಪೇಪರ್‌ಗಳನ್ನು ಊರಿನಲ್ಲೇ ಓದಿಕೊಂಡು ಬಂದು ಬರೆಯಲಿ ಎಂದು ಮನೆಯವರು ತೀರ್ಮಾನಿಸಿದ್ದರು. ಎರಡು ಬ್ಯಾಗು, ಬಕೆಟ್ಟು, ಹಾಸಿಗೆ ಎಲ್ಲವನ್ನೂ ಅವಳಪ್ಪ ಆಟೊಗೆ ಹಾಕಿದರು. ಕಿಟಕಿಯಲ್ಲಿದ್ದ ಜೇಡ್ ಗಿಡವನ್ನು ಮಾತ್ರ ಅವಳು ನನ್ನ ಟೇಬಲ್ ಮೇಲಿಟ್ಟು, ‘ಇದನ್ನ ನೋಡ್ಕೊಳ್ಳೇ, ಒಂದು ಗೇಣಿಗಿಂತ ಎತ್ತರ ಬಿಡಬೇಡ’ ಅಂದಳು. ನಾನು ‘ಆಯ್ತು’ ಅಂದೆ. ಬೇರೇನು ಹೇಳಬೇಕೋ ತೋಚಲಿಲ್ಲ.

ಮೊದಲ ವರ್ಷದ ಜನವರಿಯಲ್ಲಿ ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅವಳು ಕೊಂಡಿದ್ದ ಗಿಡ ಅದು. ಅಂಗೈ ಅಗಲದ ತಟ್ಟೆಯಂಥ ಕುಂಡ, ಹೆಬ್ಬೆರಳು ದಪ್ಪದ ಕಂದು ಕಾಂಡ, ಗುಂಡಗಿನ ಪುಟ್ಟ ಎಲೆಗಳು. ದೂರದಿಂದ ಪುಟಾಣಿ ಆಲದ ಮರದಂತೆ ಕಾಣುತ್ತಿತ್ತು. ರೂಮಿಗೆ ಬಂದವರೆಲ್ಲ ‘ಬೋನ್ಸಾಯಾ?’ ಎಂದು ಕೇಳುತ್ತಿದ್ದರು. ಅವಳು ಭಾನುವಾರಕ್ಕೊಮ್ಮೆ ಉಗುರು ಕತ್ತರಿಸುವ ಕತ್ತರಿಯಲ್ಲಿ ತುದಿಗಳನ್ನು ಕತ್ತರಿಸುತ್ತಿದ್ದಳು.

ನನ್ನ ಕೈಗೆ ಬಂದ ಮೇಲೆ ಕತ್ತರಿ ಆಡಲೇ ಇಲ್ಲ. ಅವಳ ಗಿಡ, ಅದೂ ಅವಳು ಹೀಗೆ ಬಿಟ್ಟುಹೋದ ಗಿಡ, ಅದನ್ನು ಕತ್ತರಿಸುವುದು ಹೇಗೆ? ಪ್ರೀತಿ ಜಾಸ್ತಿಯಾಗಿ ತುಳಸಿಗೆ ಹಾಕಿದಂತೆ ದಿನವೂ ನೀರು ಹಾಕಿದೆ. ಊರಿಂದ ನಮ್ಮ ಹೊಲದ ಎರೆ ಮಣ್ಣು ತಂದು ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ನಮ್ಮ ಕಿಟಕಿಗೆ ಎದುರು ಕಟ್ಟಡದ ಗೋಡೆ ಅಡ್ಡ. ಬೆಳಕು ಬರುವ ಒಂದೇ ಸಂದಿನತ್ತ ಗಿಡ ಕತ್ತು ಚಾಚಿತು. ಕೊಂಬೆಗಳು ಉದ್ದವಾದವು, ಎಲೆಗಳು ದೂರ ದೂರವಾದವು.

ಅವಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ‘ಗಿಡ ಹೇಗಿದೆ?’ ಎಂದು ಕೇಳುತ್ತಿದ್ದಳು. ನಾನು ಹಳೆಯ ಫೋಟೊ ಕಳಿಸುತ್ತಿದ್ದೆ. ‘ನೀನು ಹೇಗಿದ್ದೀಯ?’ ಎಂದು ಕೇಳಲಿಲ್ಲ. ಕೇಳಿದರೆ ನೋವಾಗುತ್ತದೇನೋ ಎಂಬುದು ನಾನು ನನಗೇ ಹೇಳಿಕೊಂಡ ನೆಪ.

ಮರುವರ್ಷದ ನವೆಂಬರ್‌ನ ಒಂದು ರಾತ್ರಿ ಕುಂಡ ಕಿಟಕಿಯಿಂದ ಉರುಳಿತು. ಗಿಡ ಎರಡು ಗೇಣು ದಾಟಿತ್ತು, ಭಾರವೆಲ್ಲ ಒಂದೇ ಕಡೆಗೆ ವಾಲಿತ್ತು. ಬೀಳದಿದ್ದರೆ ಅದೇ ಆಶ್ಚರ್ಯ ಎಂದು ಎಂಜಿನಿಯರಿಂಗ್ ಓದುವ ನನಗೆ ಮೊದಲೇ ಹೊಳೆಯಬೇಕಿತ್ತು. ಅರ್ಧಕ್ಕರ್ಧ ಮುರಿದಿತ್ತು. ಬುಡದ ಕೆಲವು ಎಲೆಗಳು ಹಳದಿಯಾಗಿ, ಮುಟ್ಟಿದರೆ ಕೈಗೆ ಬರುತ್ತಿದ್ದವು. ಶನಿವಾರ ಅದನ್ನು ಚೀಲದಲ್ಲಿ ಇಟ್ಟುಕೊಂಡು ತುರುವನೂರಿನ ಬಸ್ಸು ಹತ್ತಿದೆ.

ನಮ್ಮ ಕಡೆ ಹಿಂಗಾರಿಗೆ ಎರೆ ಹೊಲದಲ್ಲಿ ಕಡಲೆ ಬಿತ್ತುತ್ತಾರೆ. ಆಗ ಬಿತ್ತಿ ತಿಂಗಳಾಗಿತ್ತು. ಅಜ್ಜಿ ಸಾಲಿನಲ್ಲಿ ಬಗ್ಗಿಕೊಂಡು ಗಿಡಗಳ ಕುಡಿ ಚಿವುಟಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ನನ್ನ ಚೀಲ ಇಣುಕಿ ನೋಡಿದವಳೇ, ‘ಇದನ್ನ ಎರೆ ಮಣ್ಣಾಗೆ ಯಾಕೆ ನೆಟ್ಟೆ ತಾಯಿ? ಎಲೆ ತುಂಬಾ ನೀರು ಕುಡಿದು ಕುಂತಿರೋ ಗಿಡ ಇದು. ಎರೆ ನೀರು ಬಿಡಾಕಿಲ್ಲ. ಬೇರು ಕೊಳೀತದೆ’ ಅಂದಳು. ತುದಿ ಕತ್ತರಿಸಲು ಮನಸ್ಸು ಬರಲಿಲ್ಲ ಅಂದದ್ದಕ್ಕೆ ನಕ್ಕು, ಒಂದು ಕಡಲೆ ಗಿಡದ ಕುಡಿಯನ್ನು ನನ್ನೆದುರೇ ಚಿವುಟಿದಳು. ‘ಕುಡಿ ಚಿವುಟಿದ್ರೇ ಕಣವ್ವ ಪಕ್ಕದಾಗೆ ಕವಲು ಒಡೆಯಾದು. ಸುಮ್ನೆ ಬಿಟ್ರೆ ಒಂದೇ ಕಡ್ಡಿ ಮೇಲಕ್ಕೆ ಹೋಗ್ತದೆ.’

ರಾತ್ರಿ ಕಡಲೆ ಸೊಪ್ಪಿನ ಪಲ್ಯ, ಜೋಳದ ರೊಟ್ಟಿ ತಿಂದು ಮೊಬೈಲ್ ಹಿಡಿದು ಕುಳಿತೆ. ಅಜ್ಜಿ ಹೇಳಿದ್ದೇ ಪುಸ್ತಕದ ಮಾತೂ ಆಗಿತ್ತು. ಗಿಡದ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗಿಳಿಯುತ್ತದೆ. ಅದು ಪಕ್ಕದ ಚಿಗುರುಗಳನ್ನು ತಡೆದು ಹಿಡಿಯುತ್ತದೆ. ತುದಿ ಹೋದರೆ ತಡೆಯೂ ಹೋಗಿ, ಕೆಳಗೆ ಮಲಗಿದ್ದ ಕಣ್ಣುಗಳು ಏಳುತ್ತವೆ. ಇನ್ನೊಂದು ವಿಷಯವೂ ತಿಳಿಯಿತು. ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಗಿಡಗಳಲ್ಲಿ ಎರಡು ಜಾತಿ. ದೊಡ್ಡ ದಪ್ಪ ಎಲೆಯದ್ದು ಕ್ರಾಸುಲಾ ಒವಾಟಾ. ಪುಟ್ಟ ಎಲೆಯ, ಕೆಂಪು ಮಿಶ್ರಿತ ಕಂದು ಕಾಂಡದ ನನ್ನದು ಪೋರ್ಟುಲಕೇರಿಯಾ ಆಫ್ರಾ. ಎರಡರ ತವರೂ ದಕ್ಷಿಣ ಆಫ್ರಿಕಾ. ಅಲ್ಲಿ ನನ್ನ ಗಿಡ ಆನೆಗಳ ಮೇವು.

1931ರಲ್ಲಿ ಶುರುವಾದ ಅಲ್ಲಿನ ಆಡೊ ಆನೆ ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳು ಎಷ್ಟೋ ಕಾಲದಿಂದ ಇದನ್ನು ಮೇಯುತ್ತಿದ್ದರೂ ಗಿಡ ಉಳಿದಿದೆ. ಕಾರಣ, ಆನೆ ಮೇಲಿನಿಂದ ಮೇಯುತ್ತದೆ. ಕೆಳಗಿನ ಕೊಂಬೆಗಳು ನೆಲಕ್ಕೆ ತಾಗಿ ಅಲ್ಲೇ ಬೇರು ಬಿಡುತ್ತವೆ. ಆಡುಗಳನ್ನು ಮಿತಿಮೀರಿ ಮೇಯಿಸಿದ ಕಡೆಗಳಲ್ಲಿ ಮಾತ್ರ ಈ ಪೊದೆಕಾಡು ಬರಿದಾಯಿತು. ಆಡು ಬುಡದಿಂದ ಮೇಯುತ್ತದೆ. ಬುಡದ ಹಸಿರು ಹೋದರೆ ಗಿಡ ಮತ್ತೆ ಏಳುವುದು ಕಷ್ಟ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಮಾರನೇ ದಿನವೇ ಸಾಕ್ಷಿ ಸಿಕ್ಕಿತು. ಮುರಿದ ಕೊಂಬೆಗಳನ್ನು ಕತ್ತರಿಸಿ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಪಕ್ಕದ ಮನೆಯ ಆಡು ಬಂದು ಎರಡನ್ನು ಮುಗಿಸಿ, ಮೂರನೆಯದಕ್ಕೆ ಬಾಯಿ ಹಾಕುವಾಗ ಅಮ್ಮ ಓಡಿಸಿದಳು. ಉಳಿದದ್ದು ಮೂರು ಕೊಂಬೆ, ಒಂದು ಮೋಟು ಬುಡ.

ಆಮೇಲೆ ನಾನು ಮಾಡಿದ್ದನ್ನು ಇಂಥ ಗಿಡ ಸಾಕುವವರಿಗಾಗಿ ಹೇಳುತ್ತೇನೆ. ಬುಡವನ್ನು ಕಿತ್ತು, ಕಪ್ಪಾಗಿ ಮೆತ್ತಗಾಗಿದ್ದ ಬೇರುಗಳನ್ನು ಕತ್ತರಿಸಿ, ನಾಲ್ಕು ದಿನ ನೆರಳಲ್ಲಿಟ್ಟೆ. ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಮ ಸಮ ಬೆರೆಸಿ, ತಳದಲ್ಲಿ ತೂತಿರುವ ಹಳೆಯ ಸಣ್ಣ ಕುಂಡದಲ್ಲೇ ನೆಟ್ಟೆ. ಕುಂಡ ದೊಡ್ಡದಾದಷ್ಟೂ ಬೇರು ಕುಡಿಯದ ನೀರು ಮಣ್ಣಿನಲ್ಲಿ ಉಳಿಯುತ್ತದೆ. ಒಂದು ವಾರ ನೀರು ಹಾಕಲಿಲ್ಲ. ಈಗಲೂ ಬೆರಳಿಟ್ಟು ನೋಡಿ, ಒಳಗಿನ ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು. ಎಲೆ ಸುಕ್ಕಾದರೆ ಬಾಯಾರಿಕೆ, ಹಳದಿಯಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ ಎಂದರ್ಥ. ಬಿಸಿಲು ಬೀಳುವ ಕಾರಿಡಾರಿನ ಕಟ್ಟೆಗೆ ಜಾಗ ಬದಲಾಯಿಸಿ, ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ. ಕತ್ತರಿ ಹಾಕುವಾಗ ಗೆಣ್ಣಿನ ಸ್ವಲ್ಪ ಮೇಲೆ ಹಾಕಬೇಕು, ಅಲ್ಲಿಂದ ಎರಡು ಚಿಗುರು ಬರುತ್ತವೆ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಕತ್ತರಿಸಿದ ಕೊಂಬೆಯ ಗಾಯ ಮೂರು ನಾಲ್ಕು ದಿನ ಒಣಗಿದ ಮೇಲೆ ಮರಳಿಗೆ ಚುಚ್ಚಿದರೆ ತಿಂಗಳೊಳಗೆ ಬೇರು ಬರುತ್ತದೆ.

ಗಿಡ ಚಿಕ್ಕದಾಗಿರಬೇಕೆಂದರೆ ಉಪವಾಸ ಕೆಡವಬೇಕು ಎಂದುಕೊಂಡಿದ್ದೆ. ಹಾಗಲ್ಲ. ಚೆನ್ನಾಗಿ ಬೆಳೆಯಲು ಬಿಟ್ಟು, ಬೆಳೆದದ್ದನ್ನು ಮೇಲಿನಿಂದ ತೆಗೆಯುತ್ತಿರಬೇಕು. ಬುಡದ ಎಲೆ ಉಳಿಸಿಕೊಳ್ಳಬೇಕು, ಕಾಂಡ ದಪ್ಪವಾಗುವುದು ಅವುಗಳಿಂದ.

ಹಾಸ್ಟೆಲ್‌ಗೆ ಮರಳುವ ಬಸ್ಸಿನಲ್ಲಿ ಮೋಟು ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಅವಳ ನೆನಪಾಯಿತು. ಒಂದು ವರ್ಷ ಹೋದದ್ದು ತುದಿಗೆ ಬಿದ್ದ ಕತ್ತರಿ. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಬುಡದಲ್ಲಿ ಇರಬೇಕಾದ ಗೆಳತಿಯರು ನಾವು ಒಬ್ಬೊಬ್ಬರೇ ಸುಮ್ಮನಾಗಿಬಿಟ್ಟಿದ್ದೆವು. ಅವಳು ಗಿಡದ ನೆಪದಲ್ಲಿ ಮಾತಿಗೆ ಕರೆಯುತ್ತಿದ್ದಳು. ನಾನು ಫೋಟೊ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅವತ್ತೇ ಫೋನ್ ಮಾಡಿದೆ. ಗಿಡ ಬಿದ್ದದ್ದು, ಹಳೆಯ ಫೋಟೊ ಕಳಿಸುತ್ತಿದ್ದದ್ದು ಎಲ್ಲ ಒಪ್ಪಿಕೊಂಡೆ. ‘ಗೊತ್ತಿತ್ತು ಕಣೇ. ಹಿಂದಿನ ಗೋಡೆ ಕ್ಯಾಲೆಂಡರ್‌ನಲ್ಲಿ ಯಾವಾಗ ನೋಡಿದ್ರೂ ಅದೇ ತಿಂಗಳು!’ ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಮೊದಲ ಸಲ ‘ನೀನು ಹೇಗಿದ್ದೀಯ?’ ಎಂದು ಕೇಳಿದೆ. ಮೂರು ಪೇಪರ್ ಪಾಸಾಗಿದ್ದವು, ಎರಡು ಬಾಕಿ. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ, ಅದನ್ನು ಮುಂದಕ್ಕೆ ಹಾಕಿಸುವುದೇ ಆರನೇ ಪೇಪರ್ ಅಂದಳು.

ಮಾರ್ಚ್‌ನಲ್ಲಿ ಬೇರು ಬಿಟ್ಟ ಒಂದು ಕೊಂಬೆಯನ್ನು ಪೇಪರ್ ಕಪ್ಪಿನಲ್ಲಿಟ್ಟು ಹೊಳಲ್ಕೆರೆಯ ಅವಳ ಮನೆಗೆ ಹೋಗಿ ಕೊಟ್ಟು ಬಂದೆ. ಅವಳಮ್ಮ ಊಟಕ್ಕೆ ಕೂರಿಸಿದರು. ನಾವು ಸಂಜೆಯವರೆಗೆ ಮ್ಯಾಥ್ಸ್‌ನ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆವು. ಅವಳು ಆ ಎರಡೂ ಪೇಪರ್ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ.

ನನ್ನ ಗಿಡ ಈಗ ಸರಿಯಾಗಿ ಒಂದು ಗೇಣು ಇದೆ. ಮೋಟು ಬುಡದಿಂದ ಆರು ಕವಲು ಬಂದಿವೆ. ಭಾನುವಾರ ಕುಡಿ ಚಿವುಟಿ ಅವಳಿಗೆ ಫೋಟೊ ಕಳಿಸುತ್ತೇನೆ, ಹಿಂದೆ ಕ್ಯಾಲೆಂಡರ್ ಕಾಣುವ ಹಾಗೆ.