ಹಳಿಯೊಂದು, ಕೈಗಳೆರಡು

ಮೇಜಿನ ಮೇಲೆ ಹಾಸಿದ ಹಳಿ, ಅದರ ಮೇಲೊಂದು ಗೇಣುದ್ದದ ಎಂಜಿನ್ನು! ಇದು ಮಕ್ಕಳಾಟವೆಂದು ನಗುವವರುಂಟು. ಆದರೆ ಲಂಡನ್ನಿನ ಹಿರಿಯರು 1910ರಲ್ಲಿಯೇ ಈ ಆಟಕ್ಕಾಗಿ ಸಂಘವನ್ನು ಕಟ್ಟಿಕೊಂಡರು. ಸಂಘವೆಂದ ಮೇಲೆ ಹಳಿ ಒಂದು, ಓಡಿಸಬಯಸುವ ಕೈಗಳು ಹಲವು. ಹಳಿಯಲ್ಲಿಯೇ ವಿದ್ಯುತ್ತು ಹರಿಯುವುದರಿಂದ ಒಬ್ಬನು ಗುಂಡಿ ತಿರುಗಿಸಿದೊಡನೆ ಅದರ ಮೇಲಿರುವ ಬಂಡಿಗಳೆಲ್ಲವೂ ಹೊರಟುಬಿಡುವವು. ಆದುದರಿಂದ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ, ಯಾವ ತುಂಡು ಯಾರ ವಶವೆಂಬುದನ್ನು ಸ್ವಿಚ್ಚುಗಳಿಂದ ಗೊತ್ತುಪಡಿಸುತ್ತಿದ್ದರು. ಇಂದು ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆಯುಂಟು. ಅಂಗೈಯಗಲದ ಪೆಟ್ಟಿಗೆಯಲ್ಲಿ ಆ ಸಂಖ್ಯೆಯನ್ನೊತ್ತಿ, ತಂತಿಯ ಹಂಗಿಲ್ಲದೆ, ತನ್ನ ಬಂಡಿಯೊಂದನ್ನೇ ಓಡಿಸಬಹುದು. ಹಾಗೆಂದು ಇಬ್ಬರ ಬಂಡಿಗಳು ಒಂದೇ ಹಳಿಯ ಮೇಲೆ ಎದುರುಬದುರಾಗುವುದು ತಪ್ಪಲಿಲ್ಲ. ಆಟದಲ್ಲಾದರೆ ಬಿದ್ದ ಬಂಡಿಯನ್ನೆತ್ತಿ ಮತ್ತೆ ಹಳಿಗಿಡಬಹುದು.

ನಿಜವಾದ ರೈಲಿನಲ್ಲಿ?

1874ರ ಸೆಪ್ಟೆಂಬರ್ 10ರ ರಾತ್ರಿ. ಇಂಗ್ಲೆಂಡಿನ ನಾರಿಚ್ ಪಟ್ಟಣದ ಬಳಿ ಒಂಟಿಹಳಿ. ಎದುರಿನ ಸ್ಟೇಷನ್ನಿನ ಮೇಲ್ ಬಂಡಿಗೆ ಹೊರಡಲು ಅಪ್ಪಣೆ ಕೊಡುವ ಸಂದೇಶ, ಅಧಿಕಾರಿಯ ಸಹಿ ಬೀಳುವ ಮೊದಲೇ ತಂತಿಯಲ್ಲಿ ಹೋಗಿಬಿಟ್ಟಿತು. ಅದನ್ನರಿಯದೆ ಇತ್ತಣಿಂದಲೂ ಎಕ್ಸ್‌ಪ್ರೆಸ್ ಬಂಡಿಯನ್ನು ಬಿಟ್ಟರು. ತಪ್ಪು ತಿಳಿದು ಮೇಲನ್ನು ತಡೆಯಿರೆಂದು ಮರುತಂತಿ ಕಳುಹಿಸಿದಾಗ ಅದು ಆಗಲೇ ಹೊರಟುಹೋಗಿತ್ತು. ಹಳಿಯ ಮೇಲಿದ್ದ ಡ್ರೈವರುಗಳಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಇಪ್ಪತ್ತೈದು ಮಂದಿ ಸತ್ತರು.

ಈ ದುರಂತದ ಬೆನ್ನಿಗೇ ಎಡ್ವರ್ಡ್ ಟಯರ್ ಎಂಬಾತನು ಬಾಯಿಮಾತನ್ನೂ ತಂತಿಮಾತನ್ನೂ ನಂಬದ ಯಂತ್ರವನ್ನು ರೂಪಿಸಿದನು. ಭಾರತದ ಒಂಟಿಹಳಿಗಳಲ್ಲಿ ಅದರ ವಂಶದ್ದೇ ಆದ ನೀಲನ ಯಂತ್ರ ಬಹುಕಾಲ ದುಡಿಯಿತು. ಇದರೊಳಗೆ ಲೋಹದ ಗುಂಡುಗಳು. ನೆರೆಯೆರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ. ನಡುವೆ ವಿದ್ಯುತ್ ತಂತಿ. ಆಚೆಯ ಮಾಸ್ತರರು ಸಮ್ಮತಿಸಿದರೆ ಮಾತ್ರ ಈಚೆ ಒಂದು ಗುಂಡು ಹೊರಬರುವುದು. ಅದು ಮತ್ತೆ ಯಂತ್ರದೊಳಗೆ ಬೀಳುವವರೆಗೆ ಎರಡೂ ಕಡೆ ಬೀಗ! ಗುಂಡು ಕೈಯಲ್ಲಿಲ್ಲದ ಡ್ರೈವರನು ಎಂಥ ಮೇಲ್ ಬಂಡಿಯವನಾದರೂ ಒಂದು ಹೆಜ್ಜೆ ಮುಂದಿಡುವಂತಿರಲಿಲ್ಲ.

ನಿಲ್ಲದೆ ಹೋಗುವ ಬಂಡಿಗೆ ಇದನ್ನು ಕೊಡುವುದೇ ಒಂದು ಸಾಹಸ. ಗುಂಡನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ, ಆಳು ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಎತ್ತಿ ಹಿಡಿದು ನಿಲ್ಲುವನು. ಎಂಜಿನ್ನಿನಿಂದ ಚಾಚಿದ ತೋಳು ಬಳೆಯೊಳಗೆ ನುಗ್ಗಿ ಅದನ್ನು ಸೆಳೆದುಕೊಳ್ಳುವುದು. ಹಿಡಿತ ತಪ್ಪಿತೆ, ಬಂಡಿ ನಿಂತಿತು. ಕತ್ತಲೆಯಲ್ಲಿ ಕಂದೀಲು ಹಿಡಿದು ಮುಳ್ಳುಕಂಟಿಗಳಲ್ಲಿ ಗುಂಡನ್ನು ಹುಡುಕುವ ಕೆಲಸ ಮೊದಲು. ಒಳಗೆ ಕುಳಿತ ಪ್ರಯಾಣಿಕರು ರೈಲ್ವೆಯನ್ನು ಶಪಿಸುತ್ತಿದ್ದರು, ಪಾಪ!

ಕೊಪ್ಪಳದ ಮೂಲಕ ಹಾಯುವ ಹುಬ್ಬಳ್ಳಿ–ಗುಂತಕಲ್ಲು ಮಾರ್ಗ ನೂರು ವರ್ಷಗಳಿಗೂ ಮೀರಿ ಒಂಟಿಹಳಿಯಾಗಿದ್ದಿತು. ಗಂಗಾವತಿಗೆ ರೈಲು ಬಂದುದು 2019ರಲ್ಲಿ. ಯಲಬುರ್ಗಾ ಸೀಮೆಯ ತಳಕಲ್ಲಿನಿಂದ ಕುಷ್ಟಗಿಗೆ ಬಂದುದು 2025ರ ಮೇ ತಿಂಗಳಿನಲ್ಲಿ. ಗುಂಡುಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಈಗ ಹಲವೆಡೆ ಹಳಿಯ ಬದಿಯ ಯಂತ್ರಗಳು ಬಂಡಿಯ ಅಚ್ಚುಗಳನ್ನು ಎಣಿಸುತ್ತವೆ. ಒಳಹೋದಷ್ಟು ಅಚ್ಚುಗಳು ಆಚೆ ಹೊರಬಂದವೆಂದು ಲೆಕ್ಕ ಕೂಡುವವರೆಗೆ ಎದುರು ಬಂಡಿಗೆ ಕೆಂಪುದೀಪ.