ಮಸೀದಿಯ ದೀಪದಲ್ಲಿ ಎಷ್ಟು ಹೊತ್ತು ಓದಬಹುದು?

ಗದಗ-ಬೆಟಗೇರಿ ಕಡೆಯವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆ ಅಷ್ಟೇನೂ ದೂರ ಇಲ್ಲ, ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದಲೇ ನೀರು ಬರುತ್ತೆ. ಆದರೂ ನಳ ಬರೋದು ಎಷ್ಟೋ ದಿನಕ್ಕೊಮ್ಮೆ. ಹಾಗಾಗಿ ಮನೆಯಲ್ಲಿ ಒಂದೊಂದು ಕೊಡಕ್ಕೂ ಲೆಕ್ಕ. ಹಾಸ್ಟೆಲ್ ನಳ ಮಾತ್ರ ಸುಮ್ಮನೆ ಹರೀತಾ ಇರುತ್ತೆ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅನ್ನೋದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ.

ಇಸ್ಲಾಮಿನ ಅದಬ್, ಅಂದ್ರೆ ನಡವಳಿಕೆಯ ರೀತಿ, ಇಲ್ಲಿ ಉಲ್ಟಾ ಯೋಚಿಸುತ್ತೆ. ಸ್ವಂತದ್ದಕ್ಕಿಂತ ಎಲ್ಲರದ್ದನ್ನು ಬಳಸುವಾಗಲೇ ನಿಯಮ ಬಿಗಿ. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯೋದಕ್ಕೆ ವಜೂ ಅಂತಾರೆ. ವಜೂ ಮಾಡುವಾಗ ಮನೆಯ ನೀರು ಪೋಲು ಮಾಡಿದ್ರೆ ಅದು ಒಳ್ಳೆಯದಲ್ಲ ಅಷ್ಟೇ. ಆದರೆ ಮಸೀದಿಗೋ ಮದರಸಾಕ್ಕೋ ದಾನವಾಗಿ ಬಿಟ್ಟ ನೀರಾದ್ರೆ, ಹನಫಿ ಪಂಡಿತರ ಪ್ರಕಾರ ಪೋಲು ಮಾಡೋದು ಹರಾಮ್. ಕೊಟ್ಟವರು ತೊಳೆಯೋಕೆ ಕೊಟ್ಟಿದ್ದು, ಚೆಲ್ಲೋಕಲ್ಲ. ಪ್ರವಾದಿಯವರು ಒಂದು 'ಮುದ್ದ್' ನೀರಿನಲ್ಲಿ ವಜೂ ಮುಗಿಸ್ತಿದ್ರು ಅಂತ ಹದೀಸ್ ಇದೆ. ಮುದ್ದ್ ಅಂದ್ರೆ ಒಂದು ಬೊಗಸೆಯಷ್ಟು, ಮುಕ್ಕಾಲು ಲೀಟರ್ ಅಂತ ಹಿಡಿಯೋಣ. ನಿಮಿಷಕ್ಕೆ 6 ಲೀಟರ್ ಬಿಡುವ ನಳವನ್ನು ಎರಡು ನಿಮಿಷ ತೆರೆದಿಟ್ಟರೆ 12 ಲೀಟರ್. 16 ಜನರ ವಜೂ ಆಯ್ತು!

ನಮಗೆ ತುಂಬಾ ಹಿಡಿಸಿದ್ದು ದೀಪದ ವಿಷಯ. ಮಸೀದಿಯ ದೀಪದ ಬೆಳಕಲ್ಲಿ ಪಾಠ ಓದಬಹುದಾ? ಔರಂಗಜೇಬನ ಕಾಲದಲ್ಲಿ ಸಂಗ್ರಹಿಸಿದ 'ಫತಾವಾ ಆಲಂಗೀರಿ'ಯಲ್ಲಿ ಇದಕ್ಕೂ ಉತ್ತರ ಇದೆ. ನಮಾಜಿಗೆಂದು ಹಚ್ಚಿದ ದೀಪದಲ್ಲಿ ಓದಬಹುದು. ನಮಾಜು ಮುಗಿದು ಜನ ಮನೆಗೆ ಹೋದ ಮೇಲೂ ಓದಬಹುದು, ಆದರೆ ರಾತ್ರಿಯ ಮೂರನೇ ಒಂದು ಭಾಗದ ತನಕ ಮಾತ್ರ. ಅದರಾಚೆ ಸುಡುವ ಎಣ್ಣೆಯ ಮೇಲೆ ಓದುವವನಿಗೆ ಹಕ್ಕಿಲ್ಲ. ಓದೋದು ಒಳ್ಳೆಯ ಕೆಲಸವೇ, ಆದರೂ ಎಣ್ಣೆ ಕೊಟ್ಟವನ ಉದ್ದೇಶ ಮೊದಲು. ಲ್ಯಾಬ್ ಪ್ಲಗ್‌ನಲ್ಲಿ ರಾತ್ರಿಯಿಡೀ ಪವರ್ ಬ್ಯಾಂಕ್ ಹಾಕಿಡೋರು ಇದನ್ನ ಎರಡು ಸಲ ಓದಿ.

ಕೂರುವ ಜಾಗದ ಬಗ್ಗೆಯೂ ಇದೆ: ಕೂತವರನ್ನು ಎಬ್ಬಿಸಿ ಕೂರುವಂತಿಲ್ಲ, ಎದ್ದು ಹೋಗಿ ತಿರುಗಿ ಬಂದವರಿಗೆ ಅವರ ಜಾಗದ ಹಕ್ಕು. ಲೈಬ್ರರಿಯಲ್ಲಿ ಬೆಳಿಗ್ಗೆಯೇ ಕರ್ಚೀಫ್ ಇಟ್ಟು ಮಧ್ಯಾಹ್ನ ಬರುವವರು ಇದರಲ್ಲಿ ಬರ್ತಾರಾ ಅನ್ನೋದು ಬೇರೆ ಚರ್ಚೆ.

ಇನ್ನು ನೋಡಿಕೊಳ್ಳುವವರ ಕಡೆ ಬರೋಣ. ಖಲೀಫ ಉಮರ್ ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಿತ್ತು. ಆಗಿನ್ನೂ ಅವರು ಖಲೀಫ ಆಗಿರಲಿಲ್ಲ. ಪ್ರವಾದಿಯವರ ಸಲಹೆಯಂತೆ ಅದನ್ನ ಯಾರೂ ಮಾರದ ಹಾಗೆ, ಯಾರಿಗೂ ಆಸ್ತಿಯಾಗಿ ಹೋಗದ ಹಾಗೆ ಬಿಟ್ಟರು. ಫಸಲು ಬಡವರಿಗೆ, ದಾರಿಹೋಕರಿಗೆ. ನೋಡಿಕೊಳ್ಳುವವನು ಅದರಲ್ಲಿ ಊಟಕ್ಕೆ ಬೇಕಾದಷ್ಟು ತಗೋಬಹುದು, ಕೂಡಿಡುವಂತಿಲ್ಲ. ವಕ್ಫ್ ಅಂದ್ರೆ ಇದೇ. ನೋಡಿಕೊಳ್ಳುವವನು ಮುತವಲ್ಲಿ, ಮಾಲೀಕ ಅಲ್ಲ.

ನಮ್ಮ ಕಡೆ ಇಂಥ ಜಾಗಗಳು ಒಂದೇ ಧರ್ಮದವರಿಗೆ ಸೀಮಿತವಾಗಿಲ್ಲ. ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಎರಡೂ ಕಡೆಯ ಜನ ನಡ್ಕೊಳ್ತಾರೆ. ಗದಗದಲ್ಲಂತೂ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳು ಮತ್ತು ಜುಮ್ಮಾ ಮಸೀದಿ, ಮೂರಕ್ಕೂ ಸೇರಿ ಒಂದೇ ಟ್ರಸ್ಟ್. ಹೀಗಿರುವಾಗ ಲೆಕ್ಕ ನೇರ ಇರಲೇಬೇಕು, ಕೇಳುವವರು ಎಲ್ಲ ಕಡೆಯೂ ಇರ್ತಾರೆ.

ಲೆಕ್ಕ ಕೇಳಿದ್ರೆ ಅವಮಾನ ಅಂತ ತಿಳಿಯೋರಿಗೆ ಇನ್ನೊಂದು ಹದೀಸ್ ಇದೆ. ಝಕಾತ್ ವಸೂಲಿಗೆ ಹೋದ ಒಬ್ಬ ತಿರುಗಿ ಬಂದು, ಇದು ನಿಮ್ಮದು, ಇದು ನನಗೆ ಕೊಟ್ಟ ಉಡುಗೊರೆ ಅಂತ ಎರಡು ಪಾಲು ಮಾಡಿ ತೋರಿಸಿದ. ಅವನು ಅಪ್ಪ-ಅಮ್ಮನ ಮನೆಯಲ್ಲೇ ಕೂತಿದ್ರೆ ಆ ಉಡುಗೊರೆ ಬರ್ತಿತ್ತಾ ಅಂತ ಪ್ರವಾದಿಯವರು ಎಲ್ಲರ ಮುಂದೆ ಕೇಳಿದರು. ಫೆಸ್ಟ್ ಮುಗಿದ ಮೇಲೆ ಸ್ಪಾನ್ಸರ್ ಕೊಟ್ಟ ಹೆಡ್‌ಫೋನ್, ಬ್ಯಾಗುಗಳು ಎಲ್ಲಿ ಹೋದವು ಅಂತ ನಾವು ಕಮಿಟಿಯನ್ನ ಕೇಳೋದೂ ಇದೇ ಪ್ರಶ್ನೆ. ಈ ವರ್ಷದ ಉತ್ತರ ಇನ್ನೂ ಬಂದಿಲ್ಲ.