ಮಾಟುಂಗಾ: ಬಿಡಾರದವರೂ ಬೆಂಚಿನವರೂ

ಮುಂಬಯಿಯ ಕನ್ನಡಿಗರಲ್ಲಿ ಮಾಟುಂಗಾದ ಹೆಸರು ಕೇಳದವರು ವಿರಳ. ಎಳೆಯ ಬಾಳೆಯೆಲೆ, ಮಲ್ಲಿಗೆಯ ದಂಡೆ, ಆಗತಾನೆ ಹುರಿದು ಪುಡಿಮಾಡಿದ ಕಾಫಿ ಬೇಕೆಂದರೆ ಠಾಣೆ, ಡೊಂಬಿವಲಿಗಳಿಂದ ಇಂದಿಗೂ ರೈಲು ಹತ್ತಿ ಅಲ್ಲಿಗೆ ಹೋಗುವವರು ನಾವು. ಆದರೆ ಆ ಬಡಾವಣೆಗೆ ಜನ್ಮ ಕೊಟ್ಟದ್ದು ಪ್ಲೇಗು!

1896ರಲ್ಲಿ ಮುಂಬಯಿಗೆ ಮಾರಿ ಬಂದಿತು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಜನ ಸತ್ತರು. ಅನೇಕರು ನಗರವನ್ನೇ ಬಿಟ್ಟು ಓಡಿದರು. ಸರಕಾರ ಎಚ್ಚೆತ್ತು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟಿನವರು ದಾದರದಿಂದ ಸಾಯನ್ನಿನವರೆಗಿನ ಭೂಮಿಯಲ್ಲಿ ಅಗಲವಾದ ರಸ್ತೆ, ತೋಟ, ವೃತ್ತಗಳ ನಕ್ಷೆ ಬರೆದರು. ನಕ್ಷೆ ಬರೆದೊಡನೆ ಊರಾಗುತ್ತದೆಯೇ? ಮನೆಗಳೆದ್ದು ಜನ ತುಂಬುವ ಹೊತ್ತಿಗೆ 1920, 30ರ ದಶಕಗಳೇ ಬಂದವು.

ಬಂದವರಲ್ಲಿ ಬಹುಮಂದಿ ದಕ್ಷಿಣದವರು. ಇಂಗ್ಲಿಷೂ ಬೆರಳಚ್ಚೂ ಬಲ್ಲ ಗುಮಾಸ್ತರು. ಹಗಲು ಕೋಟೆಯ ಕಚೇರಿ, ಸಂಜೆ ಮಾಟುಂಗಾದ ಬಿಡಾರ. ಶೌಚಗೃಹ ಮನೆಯೊಳಗೇ ಇದ್ದ ಹೊಸ ಬಗೆಯ ಫ್ಲಾಟುಗಳು ಅವು. ಮಡಿಯ ಅಜ್ಜಿಯಂದಿರು ಇದಕ್ಕೆ ಎಷ್ಟು ಮೂಗು ಮುರಿದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಶಾಲೆ ತೆರೆಯಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬಾಡಿಗೆ ರಸೀತಿಯಿಲ್ಲದೆ ಬಂದವರ ಮಾತು ಯಾರೂ ಎತ್ತುವುದಿಲ್ಲ.

ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ನೆಂಟರ, ನೆರೆಯವರ ಬೆನ್ನು ಹಿಡಿದು ಮುಂಬಯಿಗೆ ಬರುತ್ತಿದ್ದರು. ಆಗ ಕೊಂಕಣ ರೈಲಿರಲಿಲ್ಲ. ಅದು ಪೂರ್ಣವಾಗಿ ಓಡಿದ್ದೇ 1998ರಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆಯುವುದು, ಮೇಜು ಒರಸುವುದು. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಬೆಂಚು ಜೋಡಿಸಿದರೆ ಅದೇ ಹಾಸಿಗೆ. ಗಲ್ಲೆಯಲ್ಲಿ ಕುಳಿತ ಧಣಿಗಳಲ್ಲೂ ಎಷ್ಟೋ ಮಂದಿ ಆ ಬೆಂಚಿನಿಂದಲೇ ಎದ್ದವರು. 1942ರಲ್ಲಿ ರಾಮ ನಾಯಕರು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಯೆಲೆಯ ಊಟಕ್ಕೆ ಅಲ್ಲಿ ಸಾಲು ನಿಲ್ಲುವವರು ಎಲ್ಲ ಭಾಷೆಯವರು. ಬ್ರಹ್ಮಚಾರಿ ಗುಮಾಸ್ತನಿಗೆ ಇಂಥ ಬೋರ್ಡಿಂಗೇ ತಾಯಿಮನೆ. ಅವನು ಉಂಡೆದ್ದ ಮೇಲೆ ಎಲೆ ತೆಗೆದ ಹುಡುಗನಿಗೆ ತಾಯಿಮನೆ ಯಾವುದು?

ಮುಂಬಯಿಯ ಕನ್ನಡಿಗರು ನಡೆಸಿದ ರಾತ್ರಿಶಾಲೆ ಎನ್ನೋಣ. ಸೋಪಿನ ನೀರಿಗೆ ಬೆರಳು ಸುಕ್ಕುಗಟ್ಟಿದ ಹುಡುಗ ಅದೇ ಬೆರಳಲ್ಲಿ ಬಳಪ ಹಿಡಿಯುತ್ತಿದ್ದ. ನಿದ್ದೆ ತೂಗುತ್ತಲೇ ಮೆಟ್ರಿಕ್ ಮುಟ್ಟಿದವರುಂಟು. ಮುಂದೆ ಬ್ಯಾಂಕು ಸೇರಿದವರು, ವಕೀಲರಾದವರೂ ಉಂಟು. ಬಿಡಾರದವರೂ ಬೆಂಚಿನವರೂ ಒಂದೇ ಜಗಲಿಯಲ್ಲಿ ಸರಿಸಮನಾಗಿ ಕುಳಿತದ್ದು ಸಂಘದ ನಾಟಕಕ್ಕಿಂತ ಹೆಚ್ಚಾಗಿ ಇಲ್ಲಿಯೇ ಎಂದು ನಮ್ಮ ಅನಿಸಿಕೆ.

ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಒಳ್ಳೆಯದೇ ಆಯಿತು, ಆ ಬಾಲ್ಯವನ್ನು ಹೊಗಳುವ ಚಪಲ ನಮಗಿಲ್ಲ. ಊರಿನಲ್ಲಿಯೇ ಶಾಲೆ ಮುಗಿಸಿದ ಹುಡುಗ ಮೇಜು ಒರಸಲು ಬರುವುದೂ ಇಲ್ಲ. ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿದವು. ಈಗ ನಮಗೆ ಸಾರು ಬಡಿಸುವವರಲ್ಲಿ ಅನೇಕರು ಉತ್ತರ ಭಾರತದ ತರುಣರು. ಸಾರಿಗೂ ಸಾಂಬಾರಿಗೂ ಇರುವ ಭೇದ ನಮ್ಮ ಮೊಮ್ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು!

ಗುಮಾಸ್ತರ ಸಂಘಗಳಿಗೆ ವರದಿಗಳಿವೆ, ಸ್ಮರಣಸಂಚಿಕೆಗಳಿವೆ. ಬೆಂಚಿನವರು ಬರೆದಿಟ್ಟದ್ದು ಕಡಿಮೆ. ರಾತ್ರಿಶಾಲೆಯಲ್ಲಿ ಓದಿದ, ಕಲಿಸಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಯಾರ ಟ್ರಂಕಿನಲ್ಲಾದರೂ ಹಳೆಯ ಹಾಜರಿಪುಸ್ತಕ, ಗುಂಪಿನ ಭಾವಚಿತ್ರ ಉಳಿದಿದ್ದರೆ ಗೆದ್ದಲು ಹಿಡಿಯುವ ಮುಂಚೆ ಸಂಘದ ಕಚೇರಿಗೆ ತಂದು ತೋರಿಸಬೇಕೆಂದು ಪ್ರಾರ್ಥನೆ. ಚಿತ್ರದಲ್ಲಿರುವವರ ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತಂದರೆ ಇನ್ನೂ ಉಪಕಾರ.